ಹಾವೇರಿಯಲ್ಲಿ ಗುಡ್ಡವ್ವನನ್ನು ಒಮ್ಮೆ ನೋಡಿ ಬಾ

ಬ್ಯಾಡಗಿ,
ರವಿವಾರ, ತಾ. 24-3-1991

ಅಕ್ಕ ಕರೆವ್ವನಿಗೆ,

ನಿನ್ನ ತಂಗಿ ಉಚ್ಚಂಗೆವ್ವ ಮಾಡುವ ನಮಸ್ಕಾರ. ಇದರ ಕೆಳಗೆ ‘ಇತ್ತ ನಾವೆಲ್ಲ ಕ್ಷೇಮ’ ಎಂದು ಬರೆಯಬೇಕು ಅಂತ ಐದನೆಯ ಇಯತ್ತೆಯಲ್ಲಿ ಕಲಿಸಿದ್ದರು. ನಾನು ಬರೆಯುವುದಿಲ್ಲ. ‘ನಾವೆಲ್ಲ’ ಎನ್ನಲು ಇಲ್ಲಿ ನಾನೊಬ್ಬಳೇ ಇದ್ದೇನೆ, ಕ್ಷೇಮವೂ ಅಷ್ಟಕ್ಕಷ್ಟೇ. ಮೂರು ವರ್ಷದ ಮೇಲೆ ನನ್ನ ಅಕ್ಷರ ನೋಡಿ, ಪತ್ರವನ್ನು ಒಲೆಗೆ ಹಾಕದೆ ಇಲ್ಲಿಯವರೆಗೆ ಓದಿದ್ದರೆ ಇನ್ನೂ ಸ್ವಲ್ಪ ಓದು. ನಿನ್ನಿಂದ ಒಂದು ಕೆಲಸ ಆಗಬೇಕು. ನನ್ನ ಸಲುವಾಗಿ ಅಲ್ಲ, ಒಂದು ನಾಲ್ಕೂವರೆ ವರ್ಷದ ಹುಡುಗಿಯ ಸಲುವಾಗಿ. ಹೆಸರು ಗುಡ್ಡವ್ವ. ನಿಮ್ಮ ಹಾವೇರಿಯಲ್ಲಿಯೇ ಇದ್ದಾಳೆ, ಬಸ್ ಸ್ಟ್ಯಾಂಡಿನ ಹಿಂದಿನ ಒಂದು ಖಾನಾವಳಿಯ ಹಿತ್ತಲಲ್ಲಿ. ಅವಳು ಮಾತು ಬಿಟ್ಟು ಇಪ್ಪತ್ತಾರು ದಿನವಾಯಿತು. ಅದಕ್ಕೆ ಕಾರಣ ನಾನು.

ನಾನು ಬ್ಯಾಡಗಿಗೆ ಬಂದದ್ದನ್ನು ಅವ್ವ ನಿನಗೆ ಹೇಳಿರಬಹುದು. ಹೋದ ವರ್ಷ ಯುಗಾದಿ ಮುಂದೆ ಕುಪ್ಪೇಲೂರು ಬಿಟ್ಟೆ. ನಾನು ಬಾಯಿ ಬಿಟ್ಟು ನಿನ್ನ ಸಂಬಂಧ ಮುರಿದದ್ದಕ್ಕೆ ಅಪ್ಪ ನನ್ನ ಸಾಲಿ ಬಿಡಿಸಿದ ಎಂದು ಊರವರು ಇನ್ನೂ ಹೇಳುತ್ತಾರೆ. ಯಾರೂ ಬಿಡಿಸಲಿಲ್ಲ. ರಾಣೆಬೆನ್ನೂರಿನ ಬಸ್ಸು ಹತ್ತುತ್ತಿದ್ದೆ, ಸಾಲಿಯ ಗೇಟಿನವರೆಗೂ ಹೋಗುತ್ತಿದ್ದೆ, ಒಳಗೆ ಹೋಗಿ ಕೂರಲು ಮಾತ್ರ ಆಗುತ್ತಿರಲಿಲ್ಲ. ಒಂಬತ್ತನೆಯ ಇಯತ್ತೆಯನ್ನು ಅರ್ಧಕ್ಕೆ ಬಿಟ್ಟವಳು ಆಮೇಲೆ ಎಲ್ಲವನ್ನೂ ಅರ್ಧಕ್ಕೇ ಬಿಟ್ಟೆ. ಹೊಲಿಗೆ ಕ್ಲಾಸು ಎರಡು ತಿಂಗಳು. ಬಟ್ಟೆ ಅಂಗಡಿಯಲ್ಲಿ ಹದಿನೇಳು ದಿನ. ಒಬ್ಬ ಮುದುಕಿ ‘ಬಣ್ಣ ಹೋಗತೈತೇನವಾ’ ಎಂದು ಕೇಳಿದಳು, ‘ಹೋಗತೈತಿ ಆಯಿ’ ಎಂದೆ. ಆ ಕೆಲಸವನ್ನು ನಾನು ಬಿಡಲಿಲ್ಲ, ಅವರೇ ಬಿಡಿಸಿದರು.

ಇಲ್ಲಿ ಮೆಣಸಿನಕಾಯಿ ಪೇಟೆಯ ಹತ್ತಿರ ಒಂದು ಬಾಲವಾಡಿ ಇದೆ. ಗೋದಾಮುಗಳಲ್ಲಿ ಕಾಯಿಯ ತೊಟ್ಟು ಬಿಡಿಸುವ ಹೆಂಗಸರ ಮಕ್ಕಳಿಗಾಗಿ ಮಹಿಳಾ ಮಂಡಳದವರು ನಡೆಸುತ್ತಾರೆ. ಕೋಣೆ ಕೊಟ್ಟವರು ಸೋಮಣ್ಣ ಸಾಹುಕಾರರು, ಪಕ್ಕದ ಗೋದಾಮೂ ಅವರದೇ. ಕಲಿಸುವವರು ಪದ್ಮಾಬಾಯಿಯವರು, ಐವತ್ತು ದಾಟಿದವರು, ಧಾರವಾಡದಲ್ಲಿ ತರಬೇತಿ ಪಡೆದವರು. ನಾನು ಅವರ ಕೈಕೆಳಗೆ. ಮಕ್ಕಳ ಮೂಗು ಒರೆಸುವುದು, ಉಪ್ಪಿಟ್ಟು ಕೆದಕುವುದು, ಚಾಪೆ ಝಾಡಿಸುವುದು ನನ್ನ ಪಾಲಿನ ಕೆಲಸ. ಇಲ್ಲಿಂದ ಮಾತ್ರ ನಾನು ಓಡಿಹೋಗಲಿಲ್ಲ. ನಾಲ್ಕು ವರ್ಷದ ಮಕ್ಕಳೂ ನನ್ನ ಹಾಗೆಯೇ, ಒಂದು ಕಡೆ ಕೂರುವವರಲ್ಲ.

ದಿನಾ ಮುಂಜಾನೆ ಪದ್ಮಾಬಾಯಿಯವರು ಮಕ್ಕಳನ್ನು ಸುತ್ತ ಕೂರಿಸಿ, ಎದ್ದಾಗಿನಿಂದ ಏನೇನು ಮಾಡಿದಿರಿ ಹೇಳಿರಿ ಎಂದು ಕೇಳುತ್ತಿದ್ದರು. ಮಾತು ಬೆಳೆಯಲಿ, ಒಂದಾದ ಮೇಲೊಂದು ಹೇಳುವ ರೂಢಿ ಬೀಳಲಿ ಎಂದು. ಇಪ್ಪತ್ತೆರಡು ಮಕ್ಕಳೂ ಒಂದೇ ರಾಗ ಎಳೆಯುತ್ತಿದ್ದವು: ‘ಎದ್ದೆ, ಹಲ್ಲು ತಿಕ್ಕಿದೆ, ಜಳಕ ಮಾಡಿದೆ, ದೇವರಿಗೆ ಕೈ ಮುಗಿದೆ, ಹಾಲು ಕುಡಿದೆ.’ ಅವರ ಕುತ್ತಿಗೆಯ ಮಣ್ಣು ನೋಡಿದರೆ ಜಳಕವಾಗಿ ನಾಲ್ಕು ದಿನ ಕಳೆದಿರುತ್ತಿತ್ತು. ಹಾಲಿನ ಮಾತಂತೂ ಬೇಡ. ಒಂದು ದಿನ ನನಗೆ ತಡೆಯಲಾಗಲಿಲ್ಲ. ಮೈಲಪ್ಪ ಎಂಬ ಹುಡುಗನ ರಟ್ಟೆ ಹಿಡಿದು, ‘ಖರೇ ಹೇಳು, ಹಾಲು ಕುಡದೀಯೇನು?’ ಎಂದೆ. ಅವನು ಪದ್ಮಾಬಾಯಿಯವರ ಮುಖ ನೋಡಿದ, ನನ್ನ ಮುಖ ನೋಡಿದ. ‘ಇಲ್ರಿ ಅಕ್ಕೋರ. ಚಾದಾಗ ರೊಟ್ಟಿ ಅದ್ದಿಕೊಂಡು ತಿಂದೆ. ಅದು ಅಪ್ಪನ ರೊಟ್ಟಿ. ಅಂವಾ ಇನ್ನಾ ಮಕ್ಕೊಂಡಿದ್ದ’ ಎಂದ. ಮಕ್ಕಳೆಲ್ಲ ಬಿದ್ದು ಬಿದ್ದು ನಕ್ಕವು. ಆಮೇಲೆ ಒಂದೊಂದಾಗಿ ಬಾಯಿ ಬಿಟ್ಟವು. ‘ನಮ್ಮಪ್ಪ ಎತ್ತಿನ ಮೈ ತೊಳದ, ನನ್ನ ಮೈ ತೊಳೀಲಿಲ್ಲ.’ ‘ನಾ ಹಲ್ಲು ತಿಕ್ಕಲಿಲ್ರಿ, ತಂಗಿ ತಿಕ್ಕಿದ್ಲು, ನಾ ನೋಡಿದೆ.’ ಅಷ್ಟು ಮಾತು ಆ ಕೋಣೆಯಲ್ಲಿ ಅಲ್ಲಿಯವರೆಗೆ ಹುಟ್ಟಿರಲಿಲ್ಲ.

ಪದ್ಮಾಬಾಯಿಯವರು ಮಧ್ಯಾಹ್ನ ನನ್ನನ್ನು ಕರೆದು ಹೇಳಿದರು: ‘ಹಾಲು ಕುಡದೆ ಅಂದ್ರ ಯಾರ ಮನಿ ಮಾತೂ ಹೊರಗ ಬೀಳೂದಿಲ್ಲ, ಉಚ್ಚಂಗಿ. ಅದಕ್ಕ ಅನ್ನಸೂದು. ನೀ ಇನ್ನೂ ಸಣ್ಣಾಕಿ ಇದ್ದೀ.’ ಮುದುಕಿಗೆ ಅಂಜಿಕೆ, ಅಷ್ಟೇ ಎಂದುಕೊಂಡೆ.

ಈ ಊರಿನಲ್ಲಿ ಒಂದು ಅನುಕೂಲ ಇದೆ, ಅಕ್ಕ. ಹಂಗಾಮಿನಲ್ಲಿ ಯಾರು ಅತ್ತರೂ ಯಾಕೆಂದು ಯಾರೂ ಕೇಳುವುದಿಲ್ಲ. ಕಾಯಿಯ ಘಾಟು ಎಂದುಕೊಂಡು ಮುಂದೆ ಹೋಗುತ್ತಾರೆ. ಬ್ಯಾಡಗಿ ಕಾಯಿಗೆ ಬಣ್ಣ ಹೆಚ್ಚು, ಖಾರ ಕಡಿಮೆ ಅನ್ನುವುದು ತಿನ್ನುವವರ ಮಾತು. ದಿನವಿಡೀ ಅದರ ರಾಶಿಯಲ್ಲಿ ಕೂತು ತೊಟ್ಟು ಮುರಿಯುವವರ ಮಾತಲ್ಲ. ತಾಯಂದಿರ ಸೀರೆ, ಕೈ, ಕೂದಲು ಎಲ್ಲ ಘಾಟು. ಮಕ್ಕಳಿಗೂ ನೋವೆಂದರೆ ಖಾರ, ಬೇರೆ ಮಾತೇ ಇಲ್ಲ. ಬಿದ್ದರೂ ಖಾರ, ಅವ್ವ ಬೈದರೂ ಖಾರ, ಆಟಕ್ಕೆ ಕರೆಯದಿದ್ದರೂ ‘ಅಕ್ಕೋರ, ಖಾರ ಆಕ್ಕೈತಿ’. ಎಲ್ಲಿ ಎಂದು ಕೇಳಿದರೆ ಎದೆ ಮುಟ್ಟಿ ತೋರಿಸುತ್ತಿದ್ದವು.

ಪದ್ಮಾಬಾಯಿಯವರ ಪೆಟ್ಟಿಗೆಯಲ್ಲಿ ರಟ್ಟಿನ ಮೇಲೆ ಬರೆದ ನಾಲ್ಕು ಮುಖಗಳಿದ್ದವು. ನಗುವುದೊಂದು, ಅಳುವುದೊಂದು, ಸಿಟ್ಟಿನದೊಂದು, ಅಂಜಿಕೆಯದೊಂದು. ತರಬೇತಿಯಲ್ಲಿ ಕೊಟ್ಟದ್ದು, ಪೆಟ್ಟಿಗೆಯಿಂದ ತೆಗೆದೇ ಇರಲಿಲ್ಲ. ನಾನು ತೆಗೆದೆ. ಯಾವ ಮುಖ ಎಂದು ಮುಟ್ಟಿ ತೋರಿಸಬೇಕು, ಯಾಕೆ ಎಂದು ಬಾಯಿಂದ ಹೇಳಬೇಕು. ಹದಿನೈದು ದಿನದಲ್ಲಿ ಮಕ್ಕಳು ಸಿಟ್ಟು, ಅಂಜಿಕಿ, ನಾಚಿಕಿ, ಹೊಟ್ಟಿಕಿಚ್ಚು ಎಲ್ಲ ಕಲಿತವು. ಒಮ್ಮೆ ಮೈಲಪ್ಪ ಪಕ್ಕದವನ ಕೈ ಕಚ್ಚಿಬಿಟ್ಟ. ಗದರಿಸಿದೆ. ‘ನನಗ ಸಿಟ್ಟು ಬಂದೈತಿ ಅಂತ ಮೊದಲ ಹೇಳೇ ಕಡದೇನ್ರೀ!’ ಎಂದು ನನ್ನ ಮೇಲೇ ಏರಿ ಬಂದ. ಅವತ್ತು ಎಷ್ಟು ನಕ್ಕೆನೆಂದರೆ, ಮನೆಗೆ ಹೋಗಿ ಯಾರಿಗಾದರೂ ಹೇಳಬೇಕು ಅನ್ನಿಸಿತು. ನಾನಿರುವುದು ಹಿಟ್ಟಿನ ಗಿರಣಿಯ ಹಿಂದಿನ ಕೋಣೆಯಲ್ಲಿ. ಗಿರಣಿ ನಿಂತ ಮೇಲೆ ಅಲ್ಲಿ ಸಪ್ಪಳವೇ ಇರುವುದಿಲ್ಲ. ಒಬ್ಬಳಿಗಾಗಿ ಎರಡು ರೊಟ್ಟಿ ಬಡಿಯುತ್ತೇನೆ. ಕೈ ಹದಕ್ಕೆ ಬರುವಷ್ಟರಲ್ಲಿ ಹಿಟ್ಟು ಮುಗಿದಿರುತ್ತದೆ.

ಗುಡ್ಡವ್ವ ಈ ಆಟಕ್ಕೆ ಬರುತ್ತಿರಲಿಲ್ಲ. ಅವಳ ತಾಯಿ ಗದಿಗೆವ್ವ ಪಕ್ಕದ ಗೋದಾಮಿನಲ್ಲಿ ತೊಟ್ಟು ಬಿಡಿಸುವವಳು. ಗಂಡ ಬಿಟ್ಟುಹೋಗಿ ಎರಡು ವರ್ಷ. ಹುಡುಗಿ ನಾಲ್ಕು ತಿಂಗಳು ಬಂದರೂ ಒಂದು ಮಾತು ಆಡಿರಲಿಲ್ಲ. ಮೂಕಿ ಇರಬೇಕು ಎಂದು ಪದ್ಮಾಬಾಯಿಯವರು ಅಂದುಕೊಂಡಿದ್ದರು. ಒಂದು ದಿನ ಮಕ್ಕಳೆಲ್ಲ ಸೇರಿ, ‘ಅಕ್ಕೋರ, ನಿಮ್ಮದು ಯಾವ ಮಾರಿ ಹೇಳ್ರಿ’ ಎಂದು ಗಂಟುಬಿದ್ದವು. ಅವತ್ತು ಮುಂಜಾನೆಯಿಂದ ನನ್ನ ಹತ್ತಿರ ಯಾರೂ ಒಂದು ಮಾತು ಆಡಿರಲಿಲ್ಲ. ನಿಜ ಹೇಳಬೇಕೆಂದರೆ ಹಿಂದಿನ ದಿನ ರವಿವಾರ, ಅವತ್ತೂ ಆಡಿರಲಿಲ್ಲ. ನಾನು ನಗುವ ಮುಖ ಮುಟ್ಟಿದೆ. ಗೋಡೆಗೆ ಆತು ಕೂತಿದ್ದ ಗುಡ್ಡವ್ವ ಎದ್ದು ಬಂದಳು. ನನ್ನ ಬೆರಳು ಹಿಡಿದು ಅಳುವ ಮುಖದ ಮೇಲೆ ಇಟ್ಟು, ‘ಇದು’ ಎಂದಳು.

ಮೊದಲ ಮಾತು ಅದು. ಅವತ್ತಿನಿಂದ ನನ್ನ ಸೆರಗು ಬಿಡಲಿಲ್ಲ. ನಾನು ಉಳ್ಳಾಗಡ್ಡಿ ಹೆಚ್ಚುವಾಗ ಪಕ್ಕಕ್ಕೆ ಕೂತು ಮೆಲ್ಲಗೆ ಹೇಳುತ್ತಿದ್ದಳು: ಎದ್ದದ್ದು, ಕೊಡ ಹಿಡಿದು ನಳದ ಸಾಲಿನಲ್ಲಿ ನಿಂತದ್ದು, ನಾಯಿ ಅಟ್ಟಿಸಿಕೊಂಡು ಬಂದದ್ದು, ಅಂಜಿಕಿ ಆದದ್ದು, ಆಮೇಲೆ ನಾಯಿಗೇ ಅಂಜಿಕಿ ಆದದ್ದು. ಬೇರೆಯವರು ಬಂದರೆ ಬಾಯಿ ಮುಚ್ಚಿ ಕೂರುತ್ತಿದ್ದಳು. ಈ ಹುಡುಗಿಗೆ ಮಾತು ಕೊಟ್ಟವಳು ನಾನು ಎಂದು ನನಗೆ ಸೊಕ್ಕು ಬಂತು. ಇದನ್ನೂ ಬರೆಯಬೇಕು, ಬರೆದಿದ್ದೇನೆ.

ಇನ್ನೊಂದು ಸಂಗತಿ ನಿನಗೆ ಗೊತ್ತಿರಬೇಕು, ಇಲ್ಲದಿದ್ದರೆ ಮುಂದಿನದು ತಿಳಿಯುವುದಿಲ್ಲ. ಈ ಗೋದಾಮಿನಲ್ಲಿ ಸಂಜೆ ಕೆಲಸ ಬಿಡುವಾಗ ಹೆಂಗಸರು ಒಂದೊಂದು ಹಿಡಿ ಕಾಯಿಯನ್ನು ಸೆರಗಿನ ತುದಿಗೆ ಗಂಟು ಕಟ್ಟಿಕೊಂಡು ಹೋಗುತ್ತಿದ್ದರು. ಮನೆಯ ಸಾರಿಗೆ. ಕೊಡುತ್ತೇವೆ ಎಂದು ಯಾರೂ ಹೇಳಿರಲಿಲ್ಲ, ಬೇಡ ಎಂದೂ ಹೇಳಿರಲಿಲ್ಲ. ಬಾಗಿಲು ಕಾಯುವ ಹಜರತಅಲಿ ಚಾಚಾ ಆ ಹೊತ್ತಿಗೆ ಸರಿಯಾಗಿ ಗೋಡೆಗೆ ಮುಖ ಮಾಡಿ ಬೀಡಿ ಹಚ್ಚುತ್ತಿದ್ದರು. ಗಾಳಿ ಇರಲಿ ಬಿಡಲಿ, ಕೊನೆಯ ಹೆಂಗಸು ದಾಟುವವರೆಗೆ ಅವರ ಬೀಡಿ ಹತ್ತುತ್ತಿರಲಿಲ್ಲ. ‘ಏನ್ ಚಾಚಾ, ಇವತ್ತೂ ಕಡ್ಡಿ ಹಸಿ ಅದಾವೇನು?’ ಎಂದು ಹೆಂಗಸರು ಚೇಷ್ಟೆ ಮಾಡುತ್ತಿದ್ದರು. ‘ನಡೀರಿ ನಡೀರಿ, ನನಗ ಹಿಂದ ಕಣ್ಣಿಲ್ಲ’ ಎನ್ನುತ್ತಿದ್ದರು.

ಫೆಬ್ರುವರಿ ಇಪ್ಪತ್ತಾರಕ್ಕೆ ಧಾರವಾಡದಿಂದ ಒಬ್ಬ ಅಧಿಕಾರಿ ಬಾಯಿಯವರು ಬಾಲವಾಡಿ ನೋಡಲು ಬಂದರು. ಸೋಮಣ್ಣ ಸಾಹುಕಾರರು, ಅವರ ಜೊತೆ ಪರವೂರಿನ ಇಬ್ಬರು ಖರೀದಿದಾರರು ಬಾಗಿಲಲ್ಲಿ ನಿಂತಿದ್ದರು. ಚೆನ್ನಾಗಿ ‘ಹಾಲು ಕುಡಿದೆ’ ಹೇಳುವ ಒಬ್ಬ ಹುಡುಗನನ್ನು ಮುಂದೆ ಕೂರಿಸಬೇಕು ಎಂದು ಪದ್ಮಾಬಾಯಿಯವರು ನನಗೆ ಮೊದಲೇ ಹೇಳಿದ್ದರು. ನಾನು ಗುಡ್ಡವ್ವನನ್ನು ಕೂರಿಸಿದೆ. ನಾಲ್ಕು ತಿಂಗಳು ಮೂಕಿಯಾಗಿದ್ದ ಹುಡುಗಿ ಈಗ ಮಾತಾಡುತ್ತಾಳೆ ಎಂದು ಅವರಿಗೆ ತೋರಿಸಬೇಕಾಗಿತ್ತು. ಗುಡ್ಡವ್ವನ ಕಿವಿಯಲ್ಲಿ, ‘ನನಗ ಹೇಳಿದಂಗ ಖರೇನ ಹೇಳು, ಅಂಜಬ್ಯಾಡ’ ಎಂದಿದ್ದೆ.

ಬಾಯಿಯವರು ಒಳ್ಳೆಯವರೇ. ಹುಡುಗಿಯ ಎದುರು ಕುಕ್ಕರಗಾಲಿನಲ್ಲಿ ಕೂತು, ನಗುವ ಮುಖ ಎತ್ತಿ ಹಿಡಿದು, ‘ನಿನಗ ಹಿಂಗ ನಗು ಯಾವಾಗ ಬರ್ತದವಾ?’ ಎಂದು ಕೇಳಿದರು. ಗುಡ್ಡವ್ವ ನನ್ನನ್ನು ನೋಡಿದಳು. ನಾನು ಗೋಣು ಹಾಕಿದೆ. ಅವಳು ಎಲ್ಲರಿಗೂ ಕೇಳಿಸುವಂತೆ ಹೇಳಿದಳು: ‘ಸಂಜೀಮುಂದ ನಮ್ಮವ್ವ ಬಂದು ಸೆರಗಿನ ಗಂಟು ಬಿಚ್ಚತಾಳಲ್ರೀ, ಆವಾಗ. ಕೆಂಪಾನ ಕಾಯಿ ಜಲಜಲ ಬೀಳತಾವು. ನಾ ಸಾಲಾಗಿ ಹಚ್ಚತೇನಿ. ಅವ್ವ ನಗತಾಳ. ನಾನೂ ನಗತೇನಿ.’ ಬಾಯಿಯವರಿಗೆ ಅರ್ಥವಾಗಲಿಲ್ಲ. ‘ಯಾವ ಕಾಯವಾ?’ ಎಂದರು. ‘ಸಾಹುಕಾರ್ರ ಕಾಯಿರಿ’ ಎಂದು ಗುಡ್ಡವ್ವ ಬಾಗಿಲ ಕಡೆ ಬೆರಳು ತೋರಿಸಿದಳು.

ಖರೀದಿದಾರರಲ್ಲಿ ಒಬ್ಬ ನಕ್ಕ. ‘ಏನ್ ಸೋಮಣ್ಣಾರ, ನಿಮ್ಮ ತೂಕ ಯಾಕ ಕಡಿಮಿ ಬರತೈತಿ ಅಂತಿದ್ದೆ’ ಎಂದ. ಸಾಹುಕಾರರೂ ನಕ್ಕರು. ‘ಇರ್ಲಿ ಬಿಡ್ರಿ, ನಮ್ಮ ಕಾಯಿ ನಾಕ ಮಂದಿನ್ನ ನಗಸಾಕತ್ತಾವಲ್ಲ’ ಎಂದರು. ಅವರ ಬಾಯಿ ನಕ್ಕಿತು, ಕಿವಿ ಕೆಂಪಾಗಿತ್ತು. ಪದ್ಮಾಬಾಯಿಯವರು ಮಾತ್ರ ಆ ಕ್ಷಣವೇ ಹಾಡು ಎತ್ತಿಕೊಟ್ಟು ಮಕ್ಕಳಿಂದ ಚಪ್ಪಾಳೆ ಹೊಡೆಸಿದರು.

ಮರುದಿನ ಸಂಜೆ ಗೋದಾಮಿನ ಬಾಗಿಲಲ್ಲಿ ಇಬ್ಬರು ಹೊಸ ಹೆಂಗಸರು ನಿಂತು ಎಲ್ಲರ ಸೆರಗು ಝಾಡಿಸಿ ನೋಡಿದರು. ಗದಿಗೆವ್ವನಿಗೆ ನಾಳೆಯಿಂದ ಬರಬೇಡ ಎಂದರು. ಹಜರತಅಲಿ ಚಾಚಾ ಅವತ್ತು ಬೀಡಿ ಸೇದಲಿಲ್ಲ. ಗದಿಗೆವ್ವ ನೇರ ಬಾಲವಾಡಿಗೆ ಬಂದು, ಎಲ್ಲ ಮಕ್ಕಳ ಮುಂದೆ ಹುಡುಗಿಯ ಬಾಯಿಯ ಮೇಲೆ ಹೊಡೆದಳು. ‘ಇನ್ನೊಂದು ಮಾತು ಬಂತಂದ್ರ ನಾಲಿಗಿಗೆ ಬರಿ ಹಾಕತೇನಿ’ ಎಂದಳು. ನಾನು ಅಡ್ಡ ಹೋದೆ. ನನ್ನನ್ನು ಮೇಲಿಂದ ಕೆಳಗೆ ನೋಡಿ, ‘ನಿನಗ ಯಾರೂ ಇಲ್ಲ ಅಂತ ನನ್ನ ಮಗಳ ಬಾಯಾಗ ಕೈ ಹಾಕಿದೇನ ತಾಯಿ?’ ಎಂದಳು. ಅಕ್ಕ, ನಿನ್ನ ಮದುವೆಯ ದಿನದ ಮಾತು ಬಿಟ್ಟರೆ ನನಗೆ ಇಷ್ಟು ತಾಕಿದ ಮಾತು ಇನ್ನೊಂದಿಲ್ಲ.

ಸಾಹುಕಾರರ ಹತ್ತಿರ ಹೋದೆ. ಎಲ್ಲರೂ ಒಯ್ಯುತ್ತಾರೆ, ನಿಮಗೂ ಗೊತ್ತಿದ್ದದ್ದೇ, ಗದಿಗೆವ್ವ ಒಬ್ಬಳಿಗೇ ಯಾಕೆ ಎಂದು ಕೇಳಿದೆ. ‘ನಮ್ಮಪ್ಪನ ಕಾಲದಿಂದ ಗೊತ್ತೈತಿ’ ಎಂದರು. ‘ಗೊತ್ತಿದ್ದದ್ದು ಬ್ಯಾರೆ, ನಾಕ ಮಂದಿ ಮುಂದ ಬಾಯಿಗೆ ಬಂದದ್ದು ಬ್ಯಾರೆ. ಖರೀದಿದಾರ ಪ್ಯಾಟಿ ತುಂಬ ಹೇಳಿಕೊಂತ ಹೊಂಟಾನ.’ ಆಮೇಲೆ ತಾವೇ ಒಂದು ದಾರಿ ಹೇಳಿದರು. ಶುಕ್ರವಾರ ಹೆಂಗಸರೆಲ್ಲ ಪಗಾರಕ್ಕೆ ಕೂಡುತ್ತಾರೆ, ಆ ಖರೀದಿದಾರನೂ ಇರುತ್ತಾನೆ. ನಾನು ಬಂದು, ‘ಆ ಹುಡುಗಿ ಸುಳ್ಳು ಹೇಳಿತು, ಸಣ್ಣ ಕೂಸು, ಕಥಿ ಕಟ್ಟತೈತಿ’ ಎಂದು ಒಂದು ಮಾತು ಹೇಳಿದರೆ ಸಾಕು, ಶನಿವಾರದಿಂದ ಗದಿಗೆವ್ವ ಕೆಲಸಕ್ಕೆ ಬರಬಹುದು, ತಪಾಸಣೆಯೂ ನಿಲ್ಲುತ್ತದೆ. ‘ನಿನ್ನ ಗಂಟೇನ ಹೋಗತೈತಿ?’ ಎಂದರು.

ನಾನು ಶುಕ್ರವಾರ ಹೋಗಲಿಲ್ಲ.

ಹೋಗಬೇಕೆಂದು ಸೀರೆ ಉಟ್ಟೆ. ಗೋದಾಮಿನ ಗೇಟಿನವರೆಗೂ ಹೋದೆ. ಒಳಗೆ ಗುಡ್ಡವ್ವ, ಬಾಕಿ ಪಗಾರಕ್ಕೆ ಬಂದ ತಾಯಿಯ ಬದಿಗೆ ನಿಂತಿದ್ದಳು. ನನ್ನ ಮಾತನ್ನು ನಂಬಿ ಮೊದಲ ಸಲ ಮಂದಿಯ ಮುಂದೆ ಬಾಯಿ ಬಿಟ್ಟವಳು. ಅದೇ ಮಂದಿಯ ಮುಂದೆ ನಾನು ಅವಳನ್ನು ಸುಳ್ಳಿ ಎಂದರೆ ಅವಳು ನನ್ನನ್ನು ನೋಡುವ ಕಣ್ಣು ಹೇಗಿದ್ದೀತು ಎಂದು ನೆನೆದೆ. ಹಿಂತಿರುಗಿ ಬಂದೆ. ಎರಡು ದಿನ ಬಿಟ್ಟು ಗದಿಗೆವ್ವ ಗಂಟುಮೂಟೆ ಕಟ್ಟಿಕೊಂಡು ಹಾವೇರಿಗೆ ಹೋದಳು. ಅಲ್ಲಿ ಅವಳ ಅಣ್ಣ ಅಜ್ಜಪ್ಪ ಒಂದು ಖಾನಾವಳಿಯಲ್ಲಿ ಅಡುಗೆಗೆ ಇದ್ದಾನೆ; ಇವಳು ಅಲ್ಲೇ ಪಾತ್ರೆ ತಿಕ್ಕುತ್ತಾಳೆ. ಸಾಹುಕಾರರು ಹೇಳಿದ ದಾರಿಯೂ ನಾನು ಹೋಗದೆ ಇದ್ದದ್ದೂ ಅವಳಿಗೆ ಗೊತ್ತಾಗಿದೆ. ಹತ್ತು ದಿನದ ಹಿಂದೆ ಹಜರತಅಲಿ ಚಾಚಾ ಹಾವೇರಿಗೆ ಹೋದವರು ನೋಡಿ ಬಂದು ಹೇಳಿದರು: ‘ಹುಡುಗಿ ಬಾಯೇ ತಗೀವಲ್ದವಾ. ನೀರು ಬೇಕಂದ್ರೂ ಚರಗಿ ಕಡೆ ಕೈ ತೋರಸತೈತಿ. ತಾಯಿ ಈಗ ಮಾತಾಡು ಮಾತಾಡು ಅಂತ ಕೈ ಮುಗೀತಾಳ.’

ಬಾಲವಾಡಿಗೆ ಈಗ ಬರುವುದು ಆರು ಮಕ್ಕಳು. ಉಳಿದ ತಾಯಂದಿರು ಕಳಿಸುವುದಿಲ್ಲ. ತಪಾಸಣೆ ಇನ್ನೂ ನಡೆದಿದೆ, ನನ್ನನ್ನು ಕಂಡರೆ ಓಣಿ ಬದಲಿಸುತ್ತಾರೆ. ಪದ್ಮಾಬಾಯಿಯವರು ಮುಖಗಳ ರಟ್ಟನ್ನು ಮತ್ತೆ ಪೆಟ್ಟಿಗೆಯಲ್ಲಿ ಇಟ್ಟರು. ಬೈದಿದ್ದರೆ ಚೆನ್ನಾಗಿತ್ತು. ಮುಂಜಾನೆ ಆರೂ ಮಕ್ಕಳು ಸುತ್ತ ಕೂತು ಹಾಲು ಕುಡಿದೆ ಎನ್ನುತ್ತವೆ, ನಾನು ಉಪ್ಪಿಟ್ಟು ಕೆದಕುತ್ತೇನೆ.

ಆ ಶುಕ್ರವಾರ ನಾನು ಮಾಡಿದ್ದು ಸರಿಯೋ ತಪ್ಪೋ ನನಗೆ ಇನ್ನೂ ತಿಳಿದಿಲ್ಲ. ಆದರೆ ಅದನ್ನು ವಿಚಾರ ಮಾಡುತ್ತ ಕೂತಾಗ ಬೇರೊಂದು ತಿಳಿಯಿತು. ಗುಡ್ಡವ್ವನನ್ನು ಕೇಳಿದ್ದು ನಗು ಯಾವಾಗ ಬರುತ್ತದೆ ಎಂದು. ಅವಳು ಹೇಳಿದ್ದು ಅಷ್ಟೇ, ತನ್ನ ನಗು. ಕೋಣೆಯಲ್ಲಿದ್ದವರಿಗೆ ಕೇಳಿಸಿದ್ದು ಕಳವು. ನ್ಯಾಯ ಕೇಳಲು ಹೋದ ನಾನೂ ಸಾಹುಕಾರರ ಮುಂದೆ ಕಾಯಿಯ ಮಾತನ್ನೇ ಆಡಿದೆ. ಆ ಕೂಸಿಗೆ ದಿನದಲ್ಲಿ ಅದೊಂದು ಗಳಿಗೆ ನಗು ಬರುತ್ತದೆ ಎಂಬ ಮಾತು ನನ್ನ ಬಾಯಿಂದಲೂ ಬರಲಿಲ್ಲ.

ಈಗ ನಿನಗೆ ಹೇಳಬೇಕಾದದ್ದು. ರಾಣೆಬೆನ್ನೂರಿನವರು ನಿನ್ನನ್ನು ನೋಡಲು ಬಂದ ದಿನ ಹುಡುಗನ ಸೋದರತ್ತೆ ನನ್ನನ್ನು ಹಿತ್ತಲಿಗೆ ಕರೆದು, ‘ನಿಮ್ಮಕ್ಕಗ ಜಡ್ಡುಜಾಪತ್ರಿ ಏನರ ಐತೇನವಾ’ ಎಂದು ಕೇಳಿದಳು. ‘ವರ್ಷಕ್ಕ ಒಂದೆರಡು ಸಲ ಮೂರ್ಛಿ ಬರತೈತಿ’ ಎಂದೆ. ಅವರು ಚಹಾ ಕುಡಿಯದೆ ಎದ್ದು ಹೋದರು. ಆಮೇಲೆ ನಿನ್ನನ್ನು ಹಾವೇರಿಗೆ ಕೊಟ್ಟರು, ಹದಿನಾರು ವರ್ಷ ದೊಡ್ಡವರಿಗೆ, ಎರಡನೆಯ ಸಂಬಂಧ. ಮದುವೆಯ ಹಂದರದ ಕೆಳಗೆ ನೀನು ನನಗೆ, ‘ನಿನ್ನ ಖರೇ ನೀನ ಇಟಕೊಂಡು ಕುಂದ್ರು’ ಎಂದೆ. ಮೂರು ವರ್ಷ ನಾನು ಅದನ್ನೇ ಇಟ್ಟುಕೊಂಡು ಕೂತಿದ್ದೆ. ಕೇಳಿದರು, ಇದ್ದದ್ದು ಹೇಳಿದೆ, ನನ್ನದೇನು ತಪ್ಪು ಎಂದು ಗೋಡೆಗೂ ಹೇಳಿದ್ದೇನೆ.

ಅಕ್ಕ, ಅವಳು ಕೇಳಿದಾಗ ಖರೇ ಹೇಳಬೇಕು ಎಂಬ ವಿಚಾರವೇ ನನ್ನ ತಲೆಯಲ್ಲಿ ಇರಲಿಲ್ಲ. ಹಿತ್ತಲ ಬಾಗಿಲಿಂದ ನೀನು ಕಾಣುತ್ತಿದ್ದೆ. ಪಡಸಾಲೆಯಲ್ಲಿ ತಲೆ ತಗ್ಗಿಸಿ ನಗುತ್ತಿದ್ದೆ. ಇವಳು ಹೋದರೆ ನಾನು ಯಾರ ಬೆನ್ನಿಗೆ ಆತು ಮಲಗಲಿ ಅನ್ನಿಸಿತು. ‘ಅಕ್ಕ ಹೋಗಬ್ಯಾಡ, ನನಗ ಅಂಜಿಕಿ ಆಕ್ಕೈತಿ’ ಅನ್ನಬೇಕಾಗಿತ್ತು. ಹದಿನಾರು ವರ್ಷದವಳಿಗೆ ಅಷ್ಟು ಹೇಳಲು ಬರಲಿಲ್ಲ. ಬಾಯಿಗೆ ಬಂದದ್ದು ಮೂರ್ಛೆಯ ಮಾತು. ಅದು ಖರೇ ಇತ್ತು, ಆದರೆ ನಾನು ಅದನ್ನು ಹೇಳಿದ್ದು ನೀನು ಹೋಗದಿರಲಿ ಎಂದು. ನಾಲ್ಕು ವರ್ಷದ ಮಕ್ಕಳಿಗೆ ಕಲಿಸಿದ್ದನ್ನು ನಾನು ಕಲಿತದ್ದು ಈ ಪತ್ರ ಬರೆಯುವಾಗ.

ಕ್ಷಮಿಸು ಎಂದು ಕೇಳುವುದಿಲ್ಲ. ಗುಡ್ಡವ್ವನನ್ನು ಒಮ್ಮೆ ನೋಡಿ ಬಾ. ಬಾಲವಾಡಿ ಬಿಟ್ಟು ನನಗೆ ಬರಲು ಆಗುವ ಹಾಗಿಲ್ಲ, ಗದಿಗೆವ್ವನೂ ನನ್ನ ಮುಖ ನೋಡುವುದಿಲ್ಲ. ನಿನ್ನ ಮೇಲೆ ಅವಳಿಗೆ ಸಿಟ್ಟಿಲ್ಲ. ನನ್ನ ಹೆಸರು ಹೇಳಬೇಡ. ಹುಡುಗಿಯನ್ನು ಏನೂ ಕೇಳಬೇಡ. ಹೆಸರು ಕೂಡ. ಅಲ್ಲೇ ಬದಿಗೆ ಕೂತು ನಿನ್ನದನ್ನು ಹೇಳು: ಮುಂಜಾನೆ ಎದ್ದು ಏನು ಮಾಡಿದೆ, ಮಧ್ಯಾಹ್ನ ಏನು ಮಾಡಿದೆ, ಎಲ್ಲಿ ಬೇಸರವಾಯಿತು, ಎಲ್ಲಿ ನಗು ಬಂತು. ಇದ್ದದ್ದನ್ನೇ ಹೇಳು, ಅವಳಿಗೆ ಗೊತ್ತಾಗುತ್ತದೆ. ಅವಳು ಅವತ್ತೇ ಮಾತಾಡಬೇಕೆಂದಿಲ್ಲ. ಎರಡನೆಯ ಸಲ ಹೋದಾಗ ಹತ್ತಿರ ಸರಿದು ಕೂತರೆ ಸಾಕು. ಹಾಗಾದರೆ ಒಂದು ಕಾರ್ಡು ಹಾಕು. ಆಗದಿದ್ದರೂ ಹಾಕು.

ಮಾವನವರಿಗೆ ನಮಸ್ಕಾರ ತಿಳಿಸುವುದು ಬಿಡುವುದು ನಿನ್ನ ಇಚ್ಛೆ.

ನಿನ್ನ ತಂಗಿ,
ಉಚ್ಚಂಗೆವ್ವ

ತಾ. ಕ.: ಲಕೋಟೆ ಅಂಟಿಸಿದ್ದೆ, ಮತ್ತೆ ಬಿಚ್ಚಿದೆ. ಬಾಲವಾಡಿ ಬಿಟ್ಟು ಬರಲು ಆಗುವುದಿಲ್ಲ ಎಂದು ಬರೆದದ್ದು ಸುಳ್ಳು. ಹೋದ ಮಂಗಳವಾರ ಪ್ಯಾಸೆಂಜರ್ ಗಾಡಿಗೆ ಬಂದಿದ್ದೆ. ಖಾನಾವಳಿಯ ಹಿತ್ತಲಿಗೆ ಹೋದೆ. ಗುಡ್ಡವ್ವ ತಲೆಕೆಳಗಾದ ಒಂದು ಬುಟ್ಟಿಯ ಮೇಲೆ ಕೂತಿದ್ದಳು. ನನ್ನನ್ನು ಕಂಡವಳೇ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು, ನಾನು ಗೋಡೆಯ ಆಚೆಗೆ ಸರಿಯುವವರೆಗೆ ಕೈ ತೆಗೆಯಲಿಲ್ಲ. ಆಮೇಲೆ ಕೇಳುತ್ತ ಕೇಳುತ್ತ ನಿಮ್ಮ ಓಣಿಗೆ ಬಂದೆ. ನೀನು ಕಟ್ಟೆಯ ಮೇಲೆ ಕೂತು ಜೋಳ ಹಸನು ಮಾಡುತ್ತಿದ್ದೆ. ನಾನು ಎದುರಿನ ನಳದ ಹತ್ತಿರ ನಿಂತಿದ್ದೆ, ನಾಲ್ಕು ಕೊಡ ತುಂಬುವಷ್ಟು ಹೊತ್ತು. ಕರೆಯಲು ಆಗಲಿಲ್ಲ. ನಡುವೆ ಒಮ್ಮೆ ನೀನು ತಲೆ ಎತ್ತಿದೆ, ನಳದ ಕಡೆ ನೋಡಿದೆ, ಮತ್ತೆ ಮೊರಕ್ಕೆ ತಲೆ ಬಗ್ಗಿಸಿದೆ. ಅವತ್ತು ನೀನು ನನ್ನನ್ನು ನೋಡಿದೆಯೋ ಇಲ್ಲವೋ, ಅದನ್ನೂ ಕಾರ್ಡಿನಲ್ಲಿ ಬರೆ. ನೋಡಿದ್ದರೆ ನೋಡಿದೆ ಎಂದೇ ಬರೆ.